ವಾಸ್ಕೋ ಡ ಗಾಮ: ಮೆಣಸಿನ ದಾರಿ ಹಿಡಿದು ಬಂದವನು

ಭಾರತಕ್ಕೆ ಸಮುದ್ರ ಮಾರ್ಗವನ್ನು ಕಂಡುಹಿಡಿದವರು ಯಾರು ಎಂದು ಪ್ರೌಢಶಾಲೆಯ ಯಾವ ಮಗುವನ್ನು ಕೇಳಿದರೂ ವಾಸ್ಕೋ ಡ ಗಾಮ ಎಂಬ ಉತ್ತರ ಥಟ್ಟನೆ ಬರುತ್ತದೆ. ಯಾವ ವರ್ಷ ಎಂದರೆ 1498 ಎನ್ನುತ್ತದೆ. ಅಲ್ಲಿಗೆ ಒಂದು ಅಂಕ ಸಿಕ್ಕಿತು, ಪಾಠವೂ ಮುಗಿಯಿತು. ಆದರೆ ಅವನು ಅಷ್ಟು ದೂರದಿಂದ ಏಕೆ ಬಂದ? ಬರುವ ಮೊದಲು ಆ ಸಮುದ್ರದಲ್ಲಿ ಯಾರೂ ಓಡಾಡುತ್ತಿರಲಿಲ್ಲವೇ? ಬಂದ ಮೇಲೆ ಏನು ಮಾಡಿದ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗಲೇ ಗಾಮನ ಜೀವನ ನಮಗೆ ಅರ್ಥವಾಗುತ್ತದೆ. ಅದು ಕೇವಲ ಒಬ್ಬ ನಾವಿಕನ ಸಾಹಸ ಕಥೆಯಲ್ಲ. ವ್ಯಾಪಾರದ ದಾರಿ ಯಾರ ಕೈಯಲ್ಲಿರಬೇಕು ಎಂಬ ದೊಡ್ಡ ಜಗಳದ ಕಥೆ.

ಮೆಣಸಿನ ಹಾದಿ

ಹದಿನೈದನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರ ಅಡುಗೆಗೂ ಔಷಧಕ್ಕೂ ಕಾಳುಮೆಣಸು, ಶುಂಠಿ, ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಬೇಕೇ ಬೇಕಾಗಿದ್ದವು. ಮೆಣಸು ಬೆಳೆಯುತ್ತಿದ್ದುದು ನಮ್ಮ ಪಶ್ಚಿಮ ಘಟ್ಟದ ಮಡಿಲಿನಲ್ಲಿ. ಲವಂಗ, ಜಾಯಿಕಾಯಿಗಳು ಇನ್ನೂ ಪೂರ್ವದ ಮಲುಕು ಮತ್ತು ಬಂಡಾ ದ್ವೀಪಗಳಿಂದ ಮಲಕ್ಕಾ ಮೂಲಕ ಮಲಬಾರಿಗೆ ಬರುತ್ತಿದ್ದವು. ಕಲ್ಲಿಕೋಟೆಯಲ್ಲಿ ಈ ಸರಕನ್ನು ಅರಬರು, ಗುಜರಾತಿಗಳು ಮತ್ತು ಮಾಪ್ಪಿಳ ವ್ಯಾಪಾರಿಗಳು ಹಡಗಿಗೆ ತುಂಬುತ್ತಿದ್ದರು. ಅಲ್ಲಿಂದ ಏಡನ್, ಜಿದ್ದಾ ದಾಟಿ ಕೆಂಪು ಸಮುದ್ರದ ಮೂಲಕ ಈಜಿಪ್ಟಿಗೆ, ಒಂಟೆ ಮತ್ತು ದೋಣಿಗಳ ಮೇಲೆ ಕೈರೋಗೆ, ನೈಲ್ ನದಿಯ ಹಾದಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಸರಕು ಸಾಗುತ್ತಿತ್ತು. ಇನ್ನೊಂದು ದಾರಿ ಹೊರ್ಮುಜ್, ಬಸ್ರಾ, ಅಲೆಪ್ಪೋ ಮೂಲಕ ಬೈರೂತಿಗೆ ಹೋಗುತ್ತಿತ್ತು. ಅಲೆಕ್ಸಾಂಡ್ರಿಯಾ ಮತ್ತು ಬೈರೂತಿನಲ್ಲಿ ಕಾದಿರುತ್ತಿದ್ದವರು ಮುಖ್ಯವಾಗಿ ವೆನಿಸ್ ನಗರದ ವ್ಯಾಪಾರಿಗಳು. ಅವರಿಂದಲೇ ಉಳಿದ ಯೂರೋಪು ಮೆಣಸು ಕೊಳ್ಳಬೇಕಾಗಿತ್ತು.

ಹೀಗೆ ಒಂದು ಹಿಡಿ ಮೆಣಸು ಹತ್ತಾರು ಕೈ ಬದಲಾಯಿಸುತ್ತಿತ್ತು. ಪ್ರತಿ ಕೈಗೂ ಒಂದು ಲಾಭ, ಪ್ರತಿ ಬಂದರಿಗೂ ಒಂದು ಸುಂಕ. ಕೈರೋದ ಮಮ್ಲೂಕ್ ಸುಲ್ತಾನರ ಬೊಕ್ಕಸಕ್ಕೆ ಈ ಸುಂಕ ದೊಡ್ಡ ಆಸರೆಯಾಗಿತ್ತು. ಬೆಳೆದವನಿಗೂ ತಿನ್ನುವವನಿಗೂ ನಡುವೆ ದಾರಿಯ ಒಡೆಯರು ನಿಂತಿದ್ದರು.

ಇಲ್ಲಿ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ತಪ್ಪದೆ ಬರೆಯುವ ಒಂದು ವಾಕ್ಯವನ್ನು ಸ್ವಲ್ಪ ಪರಿಶೀಲಿಸಬೇಕು. 1453ರಲ್ಲಿ ಉಸ್ಮಾನಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದು ವ್ಯಾಪಾರದ ದಾರಿಯನ್ನು ಮುಚ್ಚಿದ್ದರಿಂದ ಯೂರೋಪಿನವರು ಹೊಸ ದಾರಿ ಹುಡುಕಿದರು ಎಂಬುದು ಆ ವಾಕ್ಯ. ವರ್ಷಗಳನ್ನು ಜೋಡಿಸಿ ನೋಡಿದರೆ ಇದು ಪೂರ್ತಿ ಸರಿಹೊಂದುವುದಿಲ್ಲ. ಪೋರ್ಚುಗೀಸರು ಉತ್ತರ ಆಫ್ರಿಕಾದ ಸ್ಯೂಟ ಬಂದರನ್ನು ವಶಪಡಿಸಿಕೊಂಡದ್ದು 1415ರಲ್ಲಿ. ಅಂದರೆ ಕಾನ್‌ಸ್ಟಾಂಟಿನೋಪಲ್ ಬೀಳುವುದಕ್ಕೆ 38 ವರ್ಷ ಮೊದಲೇ ಅವರು ಹೊರಟಿದ್ದರು. ಮೆಣಸಿನ ಮುಖ್ಯ ದಾರಿ ಕಾನ್‌ಸ್ಟಾಂಟಿನೋಪಲ್ ಮೂಲಕ ಹೋಗುತ್ತಿರಲಿಲ್ಲ, ಮಮ್ಲೂಕರ ಈಜಿಪ್ಟ್ ಮತ್ತು ಸಿರಿಯಾ ಮೂಲಕ ಹೋಗುತ್ತಿತ್ತು. ಉಸ್ಮಾನಿಗಳು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ, ಗಾಮ ಕಲ್ಲಿಕೋಟೆಗೆ ಬಂದು 19 ವರ್ಷಗಳಾದ ಮೇಲೆ. 1453ರ ನಂತರವೂ ವೆನಿಸ್‌ಗೆ ಅಲೆಕ್ಸಾಂಡ್ರಿಯಾದಿಂದ ಮೆಣಸು ಬರುತ್ತಲೇ ಇತ್ತು. ಹಾಗಾದರೆ ದಾರಿ ಮುಚ್ಚಿರಲಿಲ್ಲ. ದಾರಿ ಬೇರೆಯವರ ಕೈಯಲ್ಲಿತ್ತು ಅಷ್ಟೆ. ಪೋರ್ಚುಗಲ್ಲಿಗೆ ಅದರಲ್ಲಿ ಪಾಲು ಇರಲಿಲ್ಲ. ಆ ಪಾಲಿನ ಆಸೆಯೇ ಗಾಮನನ್ನು ಸಮುದ್ರಕ್ಕೆ ಇಳಿಸಿತು.

ಬಾಲ್ಯ ಮತ್ತು ಹಿನ್ನೆಲೆ

ವಾಸ್ಕೋ ಡ ಗಾಮ ಹುಟ್ಟಿದ್ದು ಪೋರ್ಚುಗಲ್ಲಿನ ನೈಋತ್ಯ ಕರಾವಳಿಯ ಸೀನಿಶ್ ಎಂಬ ಸಣ್ಣ ಬಂದರಿನಲ್ಲಿ, 1460ರ ದಶಕದಲ್ಲಿ. ತಂದೆ ಎಸ್ತೆವಾವ್ ಡ ಗಾಮ ಆ ಊರಿನ ಕೋಟೆಯ ಅಧಿಕಾರಿ. ತಾಯಿ ಇಸಬೆಲ್ ಸೋದ್ರೆ. ಮೀನುಗಾರರ ಊರಿನಲ್ಲಿ ಬೆಳೆದ ಹುಡುಗನಿಗೆ ಗಾಳಿ, ಅಲೆ, ಹಾಯಿಗಳ ಪರಿಚಯ ತಾನಾಗಿಯೇ ಆಗಿರಬೇಕು. 1492ರಲ್ಲಿ ದೊರೆ ಎರಡನೆಯ ಜಾನ್, ಫ್ರೆಂಚರ ಮೇಲಿನ ಸೇಡಿಗಾಗಿ ಪೋರ್ಚುಗಲ್ ಬಂದರುಗಳಲ್ಲಿದ್ದ ಅವರ ಹಡಗುಗಳನ್ನು ಹಿಡಿಯುವ ಕೆಲಸವನ್ನು ಈ ಯುವಕನಿಗೆ ಒಪ್ಪಿಸಿದ. ಗಾಮ ಅದನ್ನು ಚುರುಕಾಗಿ ಮುಗಿಸಿ ಅರಮನೆಯ ಕಣ್ಣಿಗೆ ಬಿದ್ದ.

ಗಾಮನ ದಾರಿಯನ್ನು ಅವನಿಗಿಂತ ಮೊದಲೇ ಅನೇಕರು ತುಂಡು ತುಂಡಾಗಿ ತೆರೆದಿದ್ದರು. ರಾಜಕುಮಾರ ಹೆನ್ರಿಯ ಪ್ರೋತ್ಸಾಹದಿಂದ 1434ರಲ್ಲಿ ಪೋರ್ಚುಗೀಸ್ ಹಡಗು ಬೊಜಡೋರ್ ಭೂಶಿರವನ್ನು ದಾಟಿತು. ಆಫ್ರಿಕಾದ ಚಿನ್ನ ಸಿಕ್ಕಿತು. ಅದರ ಜೊತೆಗೆ ಮನುಷ್ಯರನ್ನು ಹಿಡಿದು ಮಾರುವ ವ್ಯಾಪಾರವೂ ಶುರುವಾಯಿತು. 1488ರಲ್ಲಿ ಬಾರ್ತಲೋಮಿಯೋ ಡಯಾಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬಂದ. ಅದರ ಹಿಂದಿನ ವರ್ಷವೇ ಪೆರೊ ಡ ಕೊವಿಲ್ಯ ಎಂಬ ಗೂಢಚಾರನನ್ನು ದೊರೆ ಭೂಮಾರ್ಗದಲ್ಲಿ ಕಳಿಸಿದ್ದ. ಅರಬ್ಬಿ ಬಲ್ಲ ಈತ ವ್ಯಾಪಾರಿಯ ವೇಷದಲ್ಲಿ ಕೈರೋ, ಏಡನ್ ದಾಟಿ ಕಣ್ಣೂರು, ಕಲ್ಲಿಕೋಟೆ, ಗೋವಾ, ಹೊರ್ಮುಜ್‌ಗಳನ್ನು ಕಣ್ಣಾರೆ ನೋಡಿದ. ಸಮುದ್ರದ ಒಂದು ತುದಿಯನ್ನು ಡಯಾಸ್ ಕಂಡಿದ್ದ, ಇನ್ನೊಂದು ತುದಿಯನ್ನು ಕೊವಿಲ್ಯ ಕಂಡಿದ್ದ. ಇವೆರಡನ್ನೂ ಕೂಡಿಸುವ ಕೆಲಸ ಮಾತ್ರ ಬಾಕಿ ಇತ್ತು.

ಅಷ್ಟರಲ್ಲಿ 1492ರಲ್ಲಿ ಕೊಲಂಬಸ್ ಸ್ಪೇನಿನ ಪರವಾಗಿ ಪಶ್ಚಿಮಕ್ಕೆ ಹೋಗಿಬಂದ. 1494ರ ಟಾರ್ಡೆಸಿಲ್ಲಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ತಾವು ಇನ್ನೂ ನೋಡದ ನಾಡುಗಳನ್ನೂ ಅಟ್ಲಾಂಟಿಕ್ ಮೇಲೆ ಒಂದು ಗೆರೆ ಎಳೆದು ಹಂಚಿಕೊಂಡವು. ಪೂರ್ವದ ಪಾಲು ಪೋರ್ಚುಗಲ್ಲಿಗೆ ಬಂತು. ಆ ನಾಡುಗಳಲ್ಲಿ ವಾಸಿಸುವವರನ್ನು ಯಾರೂ ಕೇಳಲಿಲ್ಲ.

ಮೊದಲ ಪ್ರಯಾಣ

ಹೊಸ ದೊರೆ ಮ್ಯಾನುಯೆಲ್ ಗಾಮನನ್ನು ನಾಯಕನನ್ನಾಗಿ ಆರಿಸಿದ. 1497ರ ಜುಲೈ 8ರಂದು ನಾಲ್ಕು ಹಡಗುಗಳು ಲಿಸ್ಬನ್ ಬಿಟ್ಟವು. ಸಾವ್ ಗೇಬ್ರಿಯಲ್ ಹಡಗಿನಲ್ಲಿ ಗಾಮ, ಸಾವ್ ರಫೆಲ್‌ನಲ್ಲಿ ಅಣ್ಣ ಪಾಲೊ, ಬೆರಿಯೊ ಎಂಬ ಚಿಕ್ಕ ಹಡಗಿನಲ್ಲಿ ನಿಕೊಲಾವ್ ಕೊಯೆಲ್ಯೊ. ನಾಲ್ಕನೆಯದು ದವಸಧಾನ್ಯದ ಹಡಗು. ಒಟ್ಟು ಸುಮಾರು 170 ಜನ. ಆಫ್ರಿಕಾದ ಕರಾವಳಿಯನ್ನು ಹಿಡಿದು ಹೋಗದೆ ಗಾಮ ಅನುಕೂಲ ಗಾಳಿಗಾಗಿ ಅಟ್ಲಾಂಟಿಕ್ ಸಾಗರದ ನಡುವಿಗೇ ದೊಡ್ಡ ಬಳಸು ದಾರಿ ಹಾಕಿದ. ಮೂರು ತಿಂಗಳಿಗೂ ಮೀರಿ ನೆಲವೇ ಕಾಣಲಿಲ್ಲ. ಅಷ್ಟು ದಿನ ನೆಲ ಬಿಟ್ಟು ಹೋದ ಯೂರೋಪಿನ ನಾವಿಕರು ಅಲ್ಲಿಯವರೆಗೆ ಇರಲಿಲ್ಲ. ನವೆಂಬರ್ 22ರಂದು ಗುಡ್ ಹೋಪ್ ಭೂಶಿರವನ್ನು ದಾಟಿದರು.

1498ರ ಮಾರ್ಚಿನಲ್ಲಿ ಮೊಜಾಂಬಿಕ್ ಮುಟ್ಟಿದಾಗ ಅವರಿಗೆ ಕಂಡದ್ದು ಬೇರೆಯೇ ಲೋಕ. ಬಂದರಿನಲ್ಲಿ ಅರಬ್ ವ್ಯಾಪಾರಿಗಳ ಹಡಗುಗಳಿದ್ದವು. ಅವುಗಳಲ್ಲಿ ಚಿನ್ನ, ಬೆಳ್ಳಿ, ಮುತ್ತು, ಲವಂಗ, ಮೆಣಸು ಇದ್ದವು. ನಾವಿಕರು ದಿಕ್ಸೂಚಿ ಮತ್ತು ನಕ್ಷೆಗಳನ್ನು ಬಳಸುತ್ತಿದ್ದರು. ಮೊಜಾಂಬಿಕ್ ಮತ್ತು ಮೊಂಬಾಸಾಗಳಲ್ಲಿ ಜಗಳವಾಯಿತು. ಮಾಲಿಂದಿಯ ಸುಲ್ತಾನನಿಗೆ ಮೊಂಬಾಸಾದೊಂದಿಗೆ ಹಗೆತನವಿತ್ತು. ಹೀಗಾಗಿ ಅವನು ಹೊಸಬರನ್ನು ಸ್ನೇಹದಿಂದ ಕಂಡು, ಭಾರತದ ದಾರಿ ಬಲ್ಲ ಒಬ್ಬ ಮಾರ್ಗದರ್ಶಿಯನ್ನು ಜೊತೆಗೆ ಕೊಟ್ಟ. ಏಪ್ರಿಲ್ 24ರಂದು ಮಾಲಿಂದಿ ಬಿಟ್ಟ ಹಡಗುಗಳು ಅನುಕೂಲ ಗಾಳಿಯಲ್ಲಿ ಅರಬ್ಬಿ ಸಮುದ್ರವನ್ನು ದಾಟಿ ಮೇ 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಹಾಕಿದವು.

ದಾರಿ ತೋರಿಸಿದವನು ಯಾರು?

ಆ ಮಾರ್ಗದರ್ಶಿ ಪ್ರಸಿದ್ಧ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಕೆಲವರು ಇದನ್ನು ಹೆಮ್ಮೆಯಿಂದ ಹೇಳಿದರೆ, ಇನ್ನು ಕೆಲವರು ತನ್ನವರಿಗೇ ದ್ರೋಹ ಬಗೆದವನೆಂದು ಅವನನ್ನು ದೂರುತ್ತಾರೆ. ಎರಡಕ್ಕೂ ಗಟ್ಟಿ ಆಧಾರವಿಲ್ಲ. ಜುಲ್ಫಾರ್‌ನಲ್ಲಿ, ಅಂದರೆ ಇಂದಿನ ರಾಸ್ ಅಲ್ ಖೈಮಾ ಪ್ರದೇಶದಲ್ಲಿ ಹುಟ್ಟಿದ ಇಬ್ನ್ ಮಾಜಿದ್ ನೌಕಾಯಾನ ಶಾಸ್ತ್ರದ ಮಹಾ ವಿದ್ವಾಂಸ. ಅವನ ಪ್ರಮುಖ ಗ್ರಂಥ ಕಿತಾಬುಲ್ ಫವಾಯಿದ್ ಸುಮಾರು 1490ರಲ್ಲಿ ಮುಗಿದಿತ್ತು. ಗಾಮನ ವಿಷಯದಲ್ಲಿ ಅವನ ಹೆಸರು ಬರುವುದು ಕುತುಬುದ್ದೀನ್ ನಹ್ರವಾಲಿ ಎಂಬ ಚರಿತ್ರಕಾರನ ಅರಬ್ಬಿ ಗ್ರಂಥದಲ್ಲಿ, ಅದೂ ಘಟನೆ ನಡೆದು ಹಲವು ದಶಕಗಳಾದ ಮೇಲೆ. ಪೋರ್ಚುಗೀಸ್ ಬರಹಗಾರರು ಮಾತ್ರ ಆ ಮಾರ್ಗದರ್ಶಿ ಗುಜರಾತಿನವನೆಂದೇ ಬರೆದಿದ್ದಾರೆ. ಇಂದಿನ ಬಹುತೇಕ ವಿದ್ವಾಂಸರು ಇಬ್ನ್ ಮಾಜಿದ್‌ನ ಕಥೆಯನ್ನು ಒಪ್ಪುವುದಿಲ್ಲ. ಒಬ್ಬ ಹಿರಿಯ ವಿದ್ವಾಂಸನ ಮೇಲೆ ಬಂದ ಆರೋಪವನ್ನು ಪರೀಕ್ಷಿಸದೆ ಮಕ್ಕಳಿಗೆ ದಾಟಿಸುವುದು ನ್ಯಾಯವಲ್ಲ.

ಒಂದು ಸಂಗತಿಯಂತೂ ಖಚಿತ. ಯೂರೋಪಿನಿಂದ ಆಫ್ರಿಕಾ ಸುತ್ತಿ ಬರುವ ದಾರಿ ಹೊಸದು, ಅದರ ಶ್ರೇಯಸ್ಸು ಗಾಮನಿಗೆ ಸಲ್ಲಬೇಕು. ಆಫ್ರಿಕಾದಿಂದ ಭಾರತಕ್ಕೆ ಬರುವ ದಾರಿ ಶತಮಾನಗಳಿಂದ ಜನ ಓಡಾಡುತ್ತಿದ್ದ ಹೆದ್ದಾರಿ.

ಸಾಮೂದಿರಿಯ ಆಸ್ಥಾನದಲ್ಲಿ

ಕಲ್ಲಿಕೋಟೆಯ ದಡಕ್ಕೆ ಗಾಮ ಮೊದಲು ಕಳಿಸಿದ್ದು ಶಿಕ್ಷೆಗೊಳಗಾದ ಒಬ್ಬ ಕೈದಿಯನ್ನು. ಅವನನ್ನು ಎದುರುಗೊಂಡವರು ಟ್ಯುನಿಸ್‌ನಿಂದ ಬಂದು ನೆಲೆಸಿದ್ದ ಇಬ್ಬರು ಮುಸ್ಲಿಮರು. ಅವರು ಯೂರೋಪಿನ ಭಾಷೆಯಲ್ಲೇ ಮಾತನಾಡಿದಾಗ ಬಂದವನು ಬೆರಗಾದ. ಯಾರಿಗೂ ತಿಳಿಯದ ನಾಡನ್ನು ಕಂಡುಹಿಡಿಯಲು ಬಂದವರಿಗೆ ಅವರ ಮಾತನ್ನು ಬಲ್ಲವರೇ ಬಾಗಿಲಲ್ಲಿ ನಿಂತಿದ್ದರು!

ಕಲ್ಲಿಕೋಟೆಯ ಅರಸ ಸಾಮೂದಿರಿ ಹಿಂದೂ ದೊರೆ. ಅವನ ಬಂದರಿನಲ್ಲಿ ಎಲ್ಲ ಮತದವರೂ ಎಲ್ಲ ದೇಶದವರೂ ಸುಂಕ ಕಟ್ಟಿ ನಿರ್ಭಯವಾಗಿ ವ್ಯಾಪಾರ ಮಾಡುತ್ತಿದ್ದರು. ಅವನು ಗಾಮನನ್ನು ಗೌರವದಿಂದಲೇ ಬರಮಾಡಿಕೊಂಡ. ಆದರೆ ಗಾಮ ತಂದಿದ್ದ ಕಾಣಿಕೆ ನೋಡಿ ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಪಟ್ಟೆ ಬಟ್ಟೆಯ 12 ತುಂಡು, 6 ಟೋಪಿ, ಹವಳದ ಕೆಲವು ಸರ, ಕೈ ತೊಳೆಯುವ 6 ಬಟ್ಟಲು, ಸ್ವಲ್ಪ ಸಕ್ಕರೆ, ಎಣ್ಣೆ, ಜೇನುತುಪ್ಪ, ಇಷ್ಟೇ. ಮಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದು ಅವರು ಹೀಯಾಳಿಸಿದರು. ಪೋರ್ಚುಗೀಸರ ಸರಕಿಗೂ ಪೇಟೆಯಲ್ಲಿ ಬೆಲೆ ಬರಲಿಲ್ಲ. ಹೊರಡುವಾಗ ಎಲ್ಲರಂತೆ ಸುಂಕ ಕಟ್ಟಬೇಕೆಂದು ಅಧಿಕಾರಿಗಳು ಪಟ್ಟು ಹಿಡಿದರು. ಗಾಮ ಸಿಟ್ಟಾಗಿ ಕೆಲವು ಸ್ಥಳೀಯರನ್ನು ಹಡಗಿನಲ್ಲೇ ಹಿಡಿದಿಟ್ಟುಕೊಂಡು ಆಗಸ್ಟ್ 29ರಂದು ಹೊರಟುಬಿಟ್ಟ.

ಹಿಂದಿರುಗುವಾಗ ಅವನ ಹಡಗುಗಳು ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ತಂಗಿ ರಿಪೇರಿ ಮಾಡಿಕೊಂಡವು. ಅಕ್ಟೋಬರ್ ಮೊದಲ ವಾರದಲ್ಲಿ ಅಲ್ಲಿಂದ ಹೊರಟರು. ಅರಬ್ಬಿ ಸಮುದ್ರದಲ್ಲಿ ಗಾಳಿ ತಿರುಗುವವರೆಗೆ ಕಾಯಬೇಕು ಎಂಬುದು ಇಲ್ಲಿಯ ಎಳೆಯ ಖಲಾಸಿಗೂ ಗೊತ್ತಿದ್ದ ವಿಷಯ. ಗಾಮ ಕಾಯಲಿಲ್ಲ. ಬರುವಾಗ ನಾಲ್ಕು ವಾರವೂ ಹಿಡಿಯದ ದಾರಿ ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು ತರಕಾರಿ ಇಲ್ಲದೆ ಒಸಡು ಊದಿ ಕೊಳೆಯುವ ಸ್ಕರ್ವಿ ರೋಗದಿಂದ ಸುಮಾರು 30 ನಾವಿಕರು ಸತ್ತರು. ನಡೆಸಲು ಜನರಿಲ್ಲದೆ ಸಾವ್ ರಫೆಲ್ ಹಡಗನ್ನು ಸುಡಬೇಕಾಯಿತು. ಅಣ್ಣ ಪಾಲೊ ದಾರಿಯಲ್ಲಿ ಕಾಯಿಲೆ ಬಿದ್ದು ಅಜೋರ್ಸ್ ದ್ವೀಪದಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಗಾಮ 1499ರಲ್ಲಿ ಲಿಸ್ಬನ್ ಸೇರಿದ. ಹೋದವರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ ಮಾತ್ರ ಜೀವಂತವಾಗಿ ಮರಳಿದರು. ಆದರೂ ಹಡಗಿನಲ್ಲಿದ್ದ ಮೆಣಸನ್ನು ಕಂಡು ಲಿಸ್ಬನ್ ಸಂಭ್ರಮಿಸಿತು, ಸುದ್ದಿ ಕೇಳಿ ವೆನಿಸ್ ನಡುಗಿತು.

ಮೀರಿ ಹಡಗಿನ ದುರಂತ

1500ರಲ್ಲಿ ಕಬ್ರಾಲ್‌ನ ನಾಯಕತ್ವದಲ್ಲಿ 13 ಹಡಗುಗಳು ಹೊರಟವು. ಕಲ್ಲಿಕೋಟೆಯಲ್ಲಿ ಜಗಳವಾಗಿ ಪೋರ್ಚುಗೀಸರ ಕೋಠಿಯ ಮೇಲೆ ದಾಳಿ ನಡೆದು ಹಲವರು ಸತ್ತರು. ಕಬ್ರಾಲ್ ಬಂದರಿನ ಹಡಗುಗಳನ್ನು ಸುಟ್ಟು ಊರಿನ ಮೇಲೆ ತೋಪು ಹಾರಿಸಿದ. 1502ರಲ್ಲಿ ಗಾಮ ಎರಡನೆಯ ಬಾರಿ ಬಂದದ್ದು ಸುಮಾರು 20 ಹಡಗುಗಳ ಸೈನ್ಯದೊಂದಿಗೆ, ಸೇಡಿನ ಮನಸ್ಸಿನಿಂದ. ಆಫ್ರಿಕಾದ ಕಿಲ್ವಾದ ಅರಸನನ್ನು ಬೆದರಿಸಿ ಕಪ್ಪ ಪಡೆದ. ಕನ್ನಡ ಕರಾವಳಿಯ ಹೊನ್ನಾವರ, ಭಟ್ಕಳಗಳಲ್ಲಿ ಬೆಂಕಿ ಹಚ್ಚಿ ಹೆದರಿಸಿ ಭಟ್ಕಳದಿಂದ ಅಕ್ಕಿಯ ಕಪ್ಪ ಕಟ್ಟಿಸಿಕೊಂಡನೆಂದು ಪೋರ್ಚುಗೀಸ್ ಚರಿತ್ರಕಾರ ಗಾಸ್ಪಾರ್ ಕೊರೇಯ ಬರೆದಿದ್ದಾನೆ. ಭಟ್ಕಳ ಆಗ ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಬಂದಿಳಿಯುತ್ತಿದ್ದ ಮುಖ್ಯ ಬಂದರು.

ಮುಂದೆ ಕಣ್ಣೂರಿನ ಸಮೀಪ ಗಾಮನ ಕೈಗೆ ಮೀರಿ ಎಂಬ ದೊಡ್ಡ ಹಡಗು ಸಿಕ್ಕಿತು. ಅದು ಮಕ್ಕಾದಿಂದ ಕಲ್ಲಿಕೋಟೆಗೆ ಮರಳುತ್ತಿತ್ತು. ಹಜ್ ಮುಗಿಸಿದ ಯಾತ್ರಿಕರು, ವ್ಯಾಪಾರಿಗಳು, ಹೆಂಗಸರು, ಮಕ್ಕಳು ಸೇರಿ ನೂರಾರು ಜನ ಅದರಲ್ಲಿದ್ದರು. ಜೌಹರ್ ಅಲ್ ಫಖೀಹ್ ಎಂಬ ಸಿರಿವಂತ ವ್ಯಾಪಾರಿ ಎಲ್ಲರ ಜೀವದ ಬೆಲೆಯಾಗಿ ಅಪಾರ ಹಣ ಮತ್ತು ಮೆಣಸು ಕೊಡಲು ಮುಂದಾದ. ಗಾಮ ಒಪ್ಪಲಿಲ್ಲ. ಹಡಗನ್ನು ದೋಚಿ, ಜನ ಒಳಗಿರುವಾಗಲೇ ಬೆಂಕಿ ಹಚ್ಚಲು ಆಜ್ಞೆ ಮಾಡಿದ. ತಾಯಂದಿರು ಹಸುಗೂಸುಗಳನ್ನು ಮೇಲೆತ್ತಿ ತೋರಿಸಿ ಕರುಣೆ ಬೇಡಿದರು. ಗಂಡಸರು ಕೈಗೆ ಸಿಕ್ಕಿದ್ದರಿಂದಲೇ ಬೆಂಕಿ ಆರಿಸುತ್ತ, ಕಲ್ಲೆಸೆಯುತ್ತ ದಿನಗಟ್ಟಲೆ ಹೋರಾಡಿದರು. ಕೊನೆಗೆ ಹಡಗು ಉರಿದು ಮುಳುಗಿತು. ಸುಮಾರು 20 ಮಕ್ಕಳನ್ನು ಮಾತ್ರ ಮೊದಲೇ ಇಳಿಸಿಕೊಂಡು ಮತಾಂತರಿಸಲಾಯಿತು.

ಈ ವಿವರಗಳನ್ನು ಬರೆದಿಟ್ಟವನು ಗಾಮನ ಶತ್ರುವಲ್ಲ. ಅದೇ ನೌಕಾಪಡೆಯಲ್ಲಿದ್ದ ತೊಮೆ ಲೋಪೆಸ್ ಎಂಬ ಪೋರ್ಚುಗೀಸ್ ಬರಹಗಾರ. ತಾನು ಬದುಕಿರುವವರೆಗೂ ಆ ದಿನವನ್ನು ಮರೆಯಲಾರೆ ಎಂಬ ಭಾವ ಅವನ ಬರಹದಲ್ಲಿದೆ. ತನ್ನ ಕಡೆಯವರು ಮಾಡಿದ್ದನ್ನು ಮುಚ್ಚಿಡದೆ ಬರೆದ ಈ ಸಾಮಾನ್ಯ ಮನುಷ್ಯನಿಗೆ ಇತಿಹಾಸ ಋಣಿಯಾಗಿರಬೇಕು.

ಬಳಿಕ ಗಾಮ ಕಲ್ಲಿಕೋಟೆಗೆ ಬಂದು ಅಲ್ಲಿಯ ಮುಸ್ಲಿಂ ವ್ಯಾಪಾರಿಗಳನ್ನೆಲ್ಲ ಹೊರಹಾಕಬೇಕೆಂದು ಸಾಮೂದಿರಿಗೆ ಹೇಳಿ ಕಳಿಸಿದ. ಸಾಮೂದಿರಿ ಒಪ್ಪಲಿಲ್ಲ. ತನ್ನ ಊರಿನಲ್ಲಿ ಸಾವಿರಾರು ಮನೆ ಮಾಡಿ ನೆಲೆಸಿದ ಪ್ರಜೆಗಳನ್ನು ಬಿಟ್ಟುಕೊಡಲು ಅವನು ಸಿದ್ಧನಿರಲಿಲ್ಲ. ಗಾಮ ಹಿಡಿದ ಮೀನುಗಾರರನ್ನು ಹಡಗಿನ ಕಂಬಗಳಿಗೆ ನೇಣು ಹಾಕಿಸಿ ನಗರದ ಮೇಲೆ ಎರಡು ದಿನ ಗುಂಡಿನ ಮಳೆಗರೆದ. ಬೆದರಿಕೆ, ಬೆಂಕಿ, ಸಾವುನೋವುಗಳ ನಡುವೆಯೂ ತನ್ನ ಆಶ್ರಯದಲ್ಲಿದ್ದವರನ್ನು ಕೈಬಿಡದ ಆ ದೊರೆಯ ನಡೆ ನಮ್ಮ ನಾಡಿನ ಸಹಬಾಳ್ವೆಯ ಚರಿತ್ರೆಯಲ್ಲಿ ದೊಡ್ಡದು.

ಸಮುದ್ರಕ್ಕೆ ಬೀಗ

ಗಾಮನ ಮಾದರಿಯನ್ನೇ ಅವನ ನಂತರದವರು ಒಂದು ವ್ಯವಸ್ಥೆಯನ್ನಾಗಿ ಮಾಡಿದರು. ಹಿಂದೂ ಮಹಾಸಾಗರದಲ್ಲಿ ಓಡಾಡುವ ಪ್ರತಿ ಹಡಗೂ ಪೋರ್ಚುಗೀಸರಿಂದ ಕರ್ತಾಜ್ ಎಂಬ ರಹದಾರಿ ಪಡೆಯಬೇಕು, ಅವರ ಕೋಟೆಗಳಲ್ಲಿ ಸುಂಕ ಕಟ್ಟಬೇಕು. ಇಲ್ಲದಿದ್ದರೆ ಹಡಗು ಮತ್ತು ಸರಕು ಅವರ ಪಾಲು. ಸಾಮೂದಿರಿಗೆ ಸುಂಕ ಕಟ್ಟಲು ಒಲ್ಲೆ ಎಂದವರೇ ಈಗ ಸಮುದ್ರದ ಮೇಲೆ ಸುಂಕ ವಸೂಲಿಗೆ ನಿಂತರು. 1509ರಲ್ಲಿ ದಿಯು ಬಳಿ ಮಮ್ಲೂಕರ ನೌಕಾಪಡೆ ಸೋತಿತು. ಅಲ್ಬುಕರ್ಕ್ 1510ರಲ್ಲಿ ಗೋವಾ, 1511ರಲ್ಲಿ ಮಲಕ್ಕಾ, 1515ರಲ್ಲಿ ಹೊರ್ಮುಜ್ ಹಿಡಿದ. ಗೋವಾ ದಾಳಿಗೆ ಹೊನ್ನಾವರದ ತಿಮ್ಮೋಜ ನೆರವಾದ.

ಆದರೆ ಬೀಗ ಪೂರ್ತಿ ಬೀಳಲಿಲ್ಲ. ಗಾಮ 1503ರಲ್ಲಿ ಮರಳುವಾಗ ಸೋದರಮಾವ ವಿಸೆಂತೆ ಸೋದ್ರೆಗೆ ಕೆಂಪು ಸಮುದ್ರದ ಬಾಯಿಯನ್ನು ಕಾಯಲು ಹೇಳಿದ್ದ. ಸೋದ್ರೆಯ ಹಡಗು ಒಮನ್ ತೀರದಲ್ಲಿ ಬಿರುಗಾಳಿಗೆ ಮುಳುಗಿತು. ಆ ಹಡಗಿನದೆಂದು ನಂಬಲಾದ ಅವಶೇಷಗಳ ಸುದ್ದಿಯನ್ನು 2016ರಲ್ಲಿ ಒಮನ್ ಪ್ರಕಟಿಸಿತು. 1513ರಲ್ಲಿ ಅಲ್ಬುಕರ್ಕ್‌ಗೆ ಏಡನ್ ದಕ್ಕಲಿಲ್ಲ. ಮಲಬಾರಿನಲ್ಲಿ ಕುಂಞಾಲಿ ಮರಕ್ಕಾರರು ಸಾಮೂದಿರಿಯ ನೌಕಾಪಡೆಯ ನಾಯಕರಾಗಿ ಹಲವು ದಶಕ ಪೋರ್ಚುಗೀಸರನ್ನು ಕಾಡಿದರು. ಶೇಖ್ ಝೈನುದ್ದೀನ್ ಮಖ್ದೂಮ್ ಈ ಹೋರಾಟದ ಚರಿತ್ರೆಯನ್ನು ಅರಬ್ಬಿಯಲ್ಲಿ ಬರೆದಿಟ್ಟರು. ಹದಿನಾರನೆಯ ಶತಮಾನದ ನಡುಭಾಗದ ಹೊತ್ತಿಗೆ ಕೆಂಪು ಸಮುದ್ರದ ಮೂಲಕ ಮೆಣಸು ಮತ್ತೆ ಧಾರಾಳವಾಗಿ ಅಲೆಕ್ಸಾಂಡ್ರಿಯಾ ಮುಟ್ಟುತ್ತಿತ್ತು.

ಕೊನೆಯ ದಿನಗಳು

ಗಾಮ ಊರಿನಲ್ಲಿ ಕತಾರಿನಾ ಡ ಅತಾಯಿದೆಯನ್ನು ಮದುವೆಯಾಗಿ ಮಕ್ಕಳೊಂದಿಗೆ ಇದ್ದ. ಬಿರುದು, ಪಿಂಚಣಿಗಳಿದ್ದರೂ ಇನ್ನಷ್ಟು ಬೇಕೆಂಬ ಅಸಮಾಧಾನ ಅವನಲ್ಲಿತ್ತು. 1519ರಲ್ಲಿ ದೊರೆ ಅವನನ್ನು ವಿದಿಗೆಯ್ರದ ಕೌಂಟ್ ಮಾಡಿದ. 1524ರಲ್ಲಿ ಮೂರನೆಯ ಜಾನ್ ದೊರೆ ಅವನನ್ನು ವೈಸ್‌ರಾಯ್ ಆಗಿ ಮತ್ತೆ ಭಾರತಕ್ಕೆ ಕಳಿಸಿದ. ಅಷ್ಟರಲ್ಲಿ ಇಲ್ಲಿಯ ಪೋರ್ಚುಗೀಸ್ ಅಧಿಕಾರಿಗಳಲ್ಲಿ ಲಂಚ, ಸ್ವಂತ ವ್ಯಾಪಾರ ಮಿತಿಮೀರಿತ್ತು. ಗಾಮ ಸೆಪ್ಟೆಂಬರಿನಲ್ಲಿ ಬಂದವನೇ ಕಠಿಣ ಕ್ರಮಗಳನ್ನು ಆರಂಭಿಸಿದ. ಆದರೆ ಕಾಯಿಲೆ ಅವನನ್ನು ಬಿಡಲಿಲ್ಲ. 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸತ್ತ. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಅವನನ್ನು ಹೂಳಿದ ಜಾಗವನ್ನು ಇಂದಿಗೂ ತೋರಿಸುತ್ತಾರೆ. ಮುಂದೆ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ಯಲಾಯಿತು. 1572ರಲ್ಲಿ ಪ್ರಕಟವಾದ ಕಮೋಯಿಶ್ ಕವಿಯ ಮಹಾಕಾವ್ಯ ಅವನ ಮೊದಲ ಪ್ರಯಾಣವನ್ನು ಹಾಡಿ ಹೊಗಳಿತು. 1998ರಲ್ಲಿ ಅವನು ಬಂದು 500 ವರ್ಷ ತುಂಬಿದಾಗ ಭಾರತದಲ್ಲಿ ಉತ್ಸವಕ್ಕಿಂತ ಪ್ರತಿಭಟನೆಯೇ ಹೆಚ್ಚು ಕೇಳಿಸಿತು.

ನಮಗೇನು ಪಾಠ?

ಗಾಮ ಧೈರ್ಯಶಾಲಿ, ಹಟವಾದಿ, ಒಳ್ಳೆಯ ನಾವಿಕ. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ನಿರಪರಾಧಿಗಳನ್ನು ಸುಟ್ಟ ಕ್ರೂರಿಯೂ ಹೌದು. ಅದನ್ನು ಮರೆಮಾಚುವುದೂ ಸರಿಯಲ್ಲ. ಮಕ್ಕಳಿಗೆ ಎರಡನ್ನೂ ಹೇಳಬೇಕು. ಅವನು ಮಾಡಿದ್ದಕ್ಕೆ ಇಂದಿನ ಯಾವ ದೇಶದವರನ್ನೂ ಯಾವ ಮತದವರನ್ನೂ ಹೊಣೆ ಮಾಡಬಾರದು ಎಂಬುದನ್ನೂ ಜೊತೆಗೇ ಹೇಳಬೇಕು.

ಇನ್ನೊಂದು ಮಾತು. ನಮ್ಮ ಸಮುದ್ರದ ಗಾಳಿ, ನಕ್ಷತ್ರ, ಬಂದರುಗಳ ಜ್ಞಾನ ಅರಬ್ ಮತ್ತು ಗುಜರಾತಿ ನಾವಿಕರಲ್ಲಿ ಗಾಮನಿಗಿಂತ ಹೆಚ್ಚಾಗಿತ್ತು. ಆದರೆ ಇಲ್ಲಿಯ ದೊಡ್ಡ ಸಾಮ್ರಾಜ್ಯಗಳು ಸಮುದ್ರವನ್ನು ವ್ಯಾಪಾರಿಗಳಿಗೆ ಬಿಟ್ಟು ನೆಲದ ಮೇಲಿನ ಯುದ್ಧಗಳಲ್ಲಿ ಮುಳುಗಿದ್ದವು. ಅತ್ತ ಒಂದು ಚಿಕ್ಕ ದೇಶ ಎಂಬತ್ತು ವರ್ಷ ಪಟ್ಟುಹಿಡಿದು ಹಡಗು ಕಟ್ಟುವುದನ್ನು, ನಕ್ಷೆ ಬರೆಯುವುದನ್ನು, ಹಿಂದಿನವರ ಅನುಭವವನ್ನು ದಾಖಲಿಸುವುದನ್ನು ಬಿಡಲಿಲ್ಲ. ವಿದ್ಯೆ ಇದ್ದವರು ಅದನ್ನು ಮುಂದುವರಿಸದಿದ್ದರೆ, ಕಲಿಯುತ್ತಲೇ ಹೋದವರು ಒಂದು ದಿನ ಅವರ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಅಂಥವರ ಕೈಯಲ್ಲಿ ವಿದ್ಯೆಯ ಜೊತೆ ದಯೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೀರಿ ಹಡಗು ಸಾಕ್ಷಿ. ಕಲಿಯುವ ನಮ್ಮ ಮಕ್ಕಳಿಗೆ ಇವೆರಡೂ ಬೇಕು.